ಊರಿನ ಕ್ರೀಡಾಕೂಟದಲ್ಲಿ ಯಾವ ಆಟ ಒಟ್ಟಿಗೆ, ಯಾವ ಆಟ ಬೇರೆ ಬೇರೆ: ತೀರ್ಮಾನ ಮಾಡೋದು ಹೇಗೆ

ಜುಲೈ ಬಂತು ಅಂದ್ರೆ ಕೊಡಗಿನಲ್ಲಿ ಕೆಸರುಗದ್ದೆ ಕ್ರೀಡಾಕೂಟದ ಬ್ಯಾನರ್‌ಗಳು ಶುರು, ಆಮೇಲೆ ಆಗಸ್ಟ್ 15, ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತದ ಆಟೋಟ, ಗಣೇಶೋತ್ಸವ, ಬೇಸಿಗೆಗೆ ಹಾಕಿ, ಕ್ರಿಕೆಟ್ಟು, ಹೀಗೆ ವರ್ಷವಿಡೀ ಎಲ್ಲಾದ್ರೂ ಒಂದು ಕಡೆ ಮೈಕ್ ಕೂಗ್ತಾನೇ ಇರ್ತದೆ. ಇದನ್ನೆಲ್ಲ ನಡೆಸೋ ಯುವಕ ಸಂಘ, ಸಮಾಜ, ಮಹಿಳಾ ಮಂಡಳಿಯವರ ಮೀಟಿಂಗಲ್ಲಿ ಒಂದು ಹಂತಕ್ಕೆ ಬಂದಾಗ ತಪ್ಪದೇ ಬರೋ ಪ್ರಶ್ನೆ, "ಹೆಂಗಸರಿಗೆ ಏನು ಇಡೋಣ?" ಉತ್ತರ ಮೊದಲೇ ರೆಡಿ ಇರ್ತದೆ: ನಿಂಬೆಹಣ್ಣು ಚಮಚ, ಸಂಗೀತ ಕುರ್ಚಿ, ಥ್ರೋಬಾಲ್, ಸಮಯ ಉಳಿದ್ರೆ ಹಗ್ಗ ಜಗ್ಗಾಟ. ಮುಗೀತು. ಉಳಿದ ಎಲ್ಲಾ ಆಟ ಗಂಡಸರಿಗೆ, ಯಾಕೆ ಅಂತ ಯಾರೂ ಕೇಳಲ್ಲ, ಯಾರೂ ಹೇಳಲ್ಲ.

ಈ ಸಲ ಕಮಿಟಿಯಲ್ಲಿ ನೀವಿದ್ರೆ ಆ ಪ್ರಶ್ನೆಯನ್ನ ಬೇರೆ ರೀತಿ ಕೇಳಿ ನೋಡಿ, ಒಂದೊಂದು ಆಟಕ್ಕೂ ಬೇರೆ ಬೇರೆಯಾಗಿ ಕೇಳಿ. ಅದಕ್ಕೆ ಬೇಕಾದ ದಾರಿ ಇಲ್ಲಿ ಬರೀತಿದ್ದೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಗಂಡು ಹೆಣ್ಣು ಅಂತ ಆಟ ಬೇರೆ ಮಾಡೋದು ಎರಡು ಕಾರಣಕ್ಕೆ ಆಗ್ತದೆ. ಒಂದು, ಹೆಣ್ಮಕ್ಕಳಿಗೂ ಗೆಲ್ಲೋಕೆ ಒಂದು ಜಾಗ ಇರ್ಲಿ ಅಂತ. ಇನ್ನೊಂದು, ಇದು ಅವರ ಕೈಲಿ ಆಗೋ ಆಟ ಅಲ್ಲ, ದೂರ ಇರ್ಲಿ ಅಂತ. ಹೊರಗಿಂದ ನೋಡಿದ್ರೆ ಎರಡೂ ಒಂದೇ ತರ ಕಾಣ್ತದೆ, ಆದ್ರೆ ಮೊದಲನೇದು ನ್ಯಾಯ, ಎರಡನೇದು ಬರೀ ಅಭ್ಯಾಸ. ಈ ಎರಡನೇ ತರದ್ದು ದೊಡ್ಡ ದೊಡ್ಡ ಕಡೆಯೂ ಆಗಿದೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರ 800 ಮೀಟರ್ ಓಟ ಇಟ್ಟಿದ್ರು, ಓಟ ಮುಗಿಸಿದವರಿಗೆ ಸುಸ್ತಾಯ್ತು ಅಂತ ದೊಡ್ಡ ಗಲಾಟೆ ಮಾಡಿ ತೆಗೆದುಹಾಕಿದ್ರು, ಅದು ವಾಪಸ್ ಬಂದಿದ್ದು 1960ರಲ್ಲಿ. ಗಂಡಸರ ಹಾಕಿ ಒಲಿಂಪಿಕ್ಸ್‌ಗೆ ಬಂದಿದ್ದು 1908ಕ್ಕೆ, ಹೆಂಗಸರ ಹಾಕಿ 1980ರ ಮಾಸ್ಕೋಗೆ. ಅದೇ ಮಾಸ್ಕೋದಲ್ಲಿ ನಮ್ಮ ಕೊಡಗಿನ ಎಂ.ಎಂ. ಸೋಮಯ್ಯ ಇದ್ದ ಟೀಮ್ ಚಿನ್ನ ಗೆದ್ದಿದ್ದು ಎಲ್ಲರಿಗೂ ಗೊತ್ತು, ಆದ್ರೆ ಅಲ್ಲೇ ಮೊದಲ ಸಲ ಆಡಿದ ಭಾರತದ ಹೆಂಗಸರ ಟೀಮ್ ನಾಲ್ಕನೇ ಸ್ಥಾನ ಬಂದಿದ್ದು ಎಷ್ಟು ಜನಕ್ಕೆ ನೆನಪುಂಟು?

ಮೊದಲ ಕೆಲಸ: ಆಟದ ಪಟ್ಟಿ ಬರೀರಿ

ಒಂದು ಹಾಳೆ ತಗೊಂಡು ನೀವು ಇಡಬೇಕು ಅಂದ್ಕೊಂಡಿರೋ ಎಲ್ಲಾ ಆಟ ಬರೀರಿ. ಪಕ್ಕದಲ್ಲಿ ಒಂದೇ ಪ್ರಶ್ನೆಗೆ ಉತ್ತರ: ಈ ಆಟದಲ್ಲಿ ಗೆಲ್ಸೋದು ಏನು? ಓಟದ ವೇಗ, ತೋಳಿನ ಬಲ, ಎತ್ತರ ಇದ್ರೆ ಅದು ಒಂದು ಗುಂಪು. ಗುರಿ, ಕೈಚಳಕ, ತಾಳ್ಮೆ, ತಲೆ ಇದ್ರೆ ಇನ್ನೊಂದು ಗುಂಪು. ಮೂರನೇ ಗುಂಪು ತೂಕದ್ದು, ಅಂದ್ರೆ ಗಂಡು ಹೆಣ್ಣು ಅನ್ನೋದಕ್ಕಿಂತ ಯಾರು ಎಷ್ಟು ಭಾರ ಅನ್ನೋದೇ ಮುಖ್ಯ ಆಗೋ ಆಟ. ಇಷ್ಟು ಬರೆದ್ರೆ ಅರ್ಧ ಜಗಳ ಅಲ್ಲೇ ಮುಗೀತದೆ, ಯಾಕಂದ್ರೆ ಮೀಟಿಂಗಲ್ಲಿ ಸಾಮಾನ್ಯವಾಗಿ ಒಬ್ಬರು ಎಲ್ಲಾ ಒಟ್ಟಿಗೆ ಆಡ್ಲಿ ಅಂತಾರೆ, ಇನ್ನೊಬ್ಬರು ಎಲ್ಲಾ ಬೇರೆ ಇರ್ಲಿ ಅಂತಾರೆ, ಇಬ್ಬರ ತಲೆಯಲ್ಲೂ ಬೇರೆ ಬೇರೆ ಆಟ ಇರ್ತದೆ.

ಚಿಕ್ಕ ಮಕ್ಕಳದ್ದು ಎಲ್ಲಾ ಒಟ್ಟಿಗೆ ಇಡಿ

ಹನ್ನೊಂದು ಹನ್ನೆರಡು ವರ್ಷದವರೆಗೆ ಹುಡುಗ ಹುಡುಗಿ ಮಧ್ಯೆ ಓಟದಲ್ಲಾಗ್ಲಿ ಜಿಗಿತದಲ್ಲಾಗ್ಲಿ ವ್ಯತ್ಯಾಸ ತುಂಬಾ ಕಮ್ಮಿ. ಆ ವಯಸ್ಸಲ್ಲಿ ಹುಡುಗಿಯರೇ ಒಂದೆರಡು ವರ್ಷ ಮೊದಲು ಎತ್ತರ ಬೆಳೆದು ಹುಡುಗರನ್ನ ಹಿಂದೆ ಹಾಕೋದೂ ಉಂಟು. ಆದ್ದರಿಂದ ಎಲ್‌ಕೆಜಿಯಿಂದ ಆರನೇ ಕ್ಲಾಸಿನ ತನಕ ಓಟ, ಕಪ್ಪೆ ಓಟ, ಗೋಣಿಚೀಲ ಓಟ, ಹಾಕಿ, ಏನೇ ಇದ್ರೂ ಕ್ಲಾಸ್ ಪ್ರಕಾರ ಗುಂಪು ಮಾಡಿ, ಗಂಡು ಹೆಣ್ಣು ಅಂತ ಲೈನ್ ಮಾಡ್ಸಬೇಡಿ. ನಾಲ್ಕನೇ ಕ್ಲಾಸಿನ ಹುಡುಗಿಗೆ "ನೀನು ಆ ಕಡೆ ನಿಂತ್ಕೋ" ಅಂದ್ರೆ ಅವಳು ಅದರಿಂದ ಏನು ಕಲೀತಾಳೆ ಅಂತ ಒಂದ್ಸಲ ಯೋಚ್ನೆ ಮಾಡಿ.

ವಯಸ್ಸಿಗೆ ಬಂದ ಮೇಲೆ ವಿಷಯ ಬದಲಾಗ್ತದೆ. ಹುಡುಗರ ಮೈಯಲ್ಲಿ ಟೆಸ್ಟೋಸ್ಟೆರಾನ್ ಅನ್ನೋ ಹಾರ್ಮೋನು ಒಮ್ಮೆಲೆ ಜಾಸ್ತಿ ಆಗ್ತದೆ, ಅದರಿಂದ ಮಾಂಸಖಂಡ, ಎಲುಬಿನ ಗಾತ್ರ, ರಕ್ತದ ಹಿಮೋಗ್ಲೋಬಿನ್ ಎಲ್ಲಾ ಏರ್ತದೆ. ಹದಿಮೂರು ಹದಿನಾಲ್ಕರ ವಯಸ್ಸಂತೂ ತುಂಬಾ ಏರುಪೇರು, ಒಂದೇ ಕ್ಲಾಸಲ್ಲಿ ಒಬ್ಬನಿಗೆ ಮೀಸೆ ಬಂದಿರ್ತದೆ ಇನ್ನೊಬ್ಬ ಇನ್ನೂ ಮಗು ತರ ಇರ್ತಾನೆ, ಆದ್ದರಿಂದ ಏಳನೇ ಕ್ಲಾಸಿನಿಂದ ಓಟ, ಜಿಗಿತ, ಎಸೆತ ಬೇರೆ ಬೇರೆ ಮಾಡೋದು ಸರಿ.

ಓಟ, ಜಿಗಿತ, ಗುಂಡು ಎಸೆತ: ಬೇರೆ ಮಾಡ್ಲೇಬೇಕು

ಇಲ್ಲಿ ಸಮಾನತೆ ಅಂತ ಹೇಳಿ ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿದ್ರೆ ಅನ್ಯಾಯ ಆಗೋದು ಹೆಣ್ಮಕ್ಕಳಿಗೇ. 100 ಮೀಟರ್‌ನಲ್ಲಿ ಉಸೇನ್ ಬೋಲ್ಟ್ ದಾಖಲೆ 9.58 ಸೆಕೆಂಡ್, ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ದಾಖಲೆ 10.49. ನೋಡೋಕೆ ಒಂದು ಸೆಕೆಂಡೂ ಇಲ್ಲ, ಆದ್ರೆ 100 ಮೀಟರ್‌ನಲ್ಲಿ ಅದು ಎಂಟು ಒಂಬತ್ತು ಮೀಟರ್ ದೂರ. ಉದ್ದ ಜಿಗಿತದಲ್ಲಿ ಇನ್ನೂ ಜಾಸ್ತಿ, ಗಂಡಸರದ್ದು 8.95 ಮೀಟರ್, ಹೆಂಗಸರದ್ದು 7.52. ಜಗತ್ತಿನಲ್ಲೇ ಅತಿ ವೇಗದ ಹೆಂಗಸು ಗಂಡಸರ ಒಲಿಂಪಿಕ್ ಫೈನಲ್‌ಗೆ ಬರೋಕೆ ಆಗಲ್ಲ, ಅದಕ್ಕೆ ಅವರ ಅಭ್ಯಾಸದಲ್ಲಿ ಕೊರತೆ ಇಲ್ಲ, ಮೈಯ ರಚನೆ ಬೇರೆ ಅಷ್ಟೇ. ಹೆಂಗಸರ ವಿಭಾಗ ಅನ್ನೋದು ಇಲ್ದಿದ್ರೆ ನಮ್ಮ ಕೊಡಗಿನ ಓಟಗಾರ್ತಿ ಅಶ್ವಿನಿ ನಾಚಪ್ಪ ಪಿ.ಟಿ. ಉಷಾ ಅವರನ್ನ ಸೋಲಿಸಿದ್ದು ಅನ್ನೋ ಸುದ್ದಿಯೇ ನಮಗೆ ಸಿಗ್ತಿರ್ಲಿಲ್ಲ, ಆ ಸುದ್ದಿ ಕೇಳಿ ಗೋಣಿಕೊಪ್ಪ, ಪೊನ್ನಂಪೇಟೆ ಕಡೆ ಓಡೋಕೆ ಶುರು ಮಾಡಿದ ಹುಡುಗಿಯರೂ ಇರ್ತಿರ್ಲಿಲ್ಲ.

ಹಾಗಾಗಿ ಓಟ ಬೇರೆ ಇಡಿ, ಆದ್ರೆ ದೂರ ಒಂದೇ ಇರ್ಲಿ. ಗಂಡಸರಿಗೆ 200 ಮೀಟರ್ ಹೆಂಗಸರಿಗೆ 50 ಮೀಟರ್ ಅಂತ ಮಾಡೋದು ನೋಡಿದ್ದೀನಿ, ಅದಕ್ಕೆ ಯಾವ ಕಾರಣವೂ ಇಲ್ಲ. ಗುಂಡು ಎಸೆತಕ್ಕೆ ಮಾತ್ರ ಭಾರ ಬೇರೆ, ಗಂಡಸರಿಗೆ 7.26 ಕೆಜಿ, ಹೆಂಗಸರಿಗೆ 4 ಕೆಜಿ, ಹತ್ತಿರದ ಹೈಸ್ಕೂಲ್ ಪಿಟಿ ಮಾಸ್ಟರ್ ಹತ್ರ ಕೇಳಿದ್ರೆ 4 ಕೆಜಿದು ಸಿಕ್ಕೇ ಸಿಗ್ತದೆ.

ಆಮೇಲೆ ಒಂದು ಮಿಶ್ರ ರಿಲೇ ಇಡಿ, ದಯವಿಟ್ಟು ಇಡಿ. ಇಬ್ಬರು ಗಂಡು ಇಬ್ಬರು ಹೆಣ್ಣು. ಇದು ಟೈಮ್‌ಪಾಸ್ ಆಟ ಅಲ್ಲ, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 4x400 ಮಿಶ್ರ ರಿಲೇಯಲ್ಲಿ ಗೋಣಿಕೊಪ್ಪದಲ್ಲಿ ಹುಟ್ಟಿದ ಎಂ.ಆರ್. ಪೂವಮ್ಮ ಓಡಿದ್ರು, ಜೊತೆಗೆ ಮುಹಮ್ಮದ್ ಅನಾಸ್, ಹಿಮಾ ದಾಸ್, ಆರೋಕ್ಯ ರಾಜೀವ್. ಅವತ್ತು ಬೆಳ್ಳಿ ಬಂತು, ಆಮೇಲೆ ಮೊದಲು ಬಂದಿದ್ದ ಬಹರೇನ್ ಟೀಮಿನ ಓಟಗಾರ್ತಿ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದು ಅದು ಚಿನ್ನ ಆಯ್ತು. ಟೋಕಿಯೋದಿಂದ ಒಲಿಂಪಿಕ್ಸ್‌ನಲ್ಲೂ ಈ ಓಟ ಉಂಟು. ಊರಲ್ಲಿ ಇದನ್ನ ಮಾಡೋಕೆ ಬೇಕಾಗೋದು ಒಂದು ಕೋಲು, ನಾಲ್ಕು ಗೆರೆ. ಯಾರು ಯಾವ ಸುತ್ತು ಓಡ್ಬೇಕು ಅನ್ನೋದನ್ನ ಟೀಮಿಗೇ ಬಿಡಿ, ಒಬ್ಬರು ಮೊದಲೇ ಹುಡುಗರನ್ನ ಓಡಿಸಿ ಲೀಡ್ ತಗೊಳ್ತಾರೆ, ಇನ್ನೊಬ್ಬರು ಕೊನೆಗೆ ಇಟ್ಕೊಳ್ತಾರೆ, ಮಧ್ಯದಲ್ಲಿ ಒಂದು ಹುಡುಗಿ ಮೂವತ್ತು ಮೀಟರ್ ಮುಂದೆ ಓಡ್ತಿರ್ತಾಳೆ ಹಿಂದೆ ಹುಡುಗ ಅಟ್ಟಿಸ್ಕೊಂಡು ಬರ್ತಿರ್ತಾನೆ, ಗ್ಯಾಲರಿಯಲ್ಲಿ ಯಾರೂ ಕೂತಿರಲ್ಲ.

ತೆಂಗಿನಕಾಯಿಗೆ ಗುಂಡು: ಇದು ಒಟ್ಟಿಗೇ

ನಮ್ಮಲ್ಲಿ ಕೈಲ್ ಮುಹೂರ್ತ ಅಂದ್ರೆ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ. ಇಲ್ಲಿ ಗೆಲ್ಸೋದು ಕಣ್ಣು, ಉಸಿರಿನ ಹಿಡಿತ, ಕೈ ಅಲುಗದೇ ಇರೋದು. ಬೇರೆ ಮಾಡೋಕೆ ನನಗಂತೂ ಒಂದು ಕಾರಣವೂ ಸಿಗಲ್ಲ. ಆದರೂ ಕೆಲವು ಕಡೆ "ಮಹಿಳೆಯರಿಗೆ ಪ್ರತ್ಯೇಕ" ಅಂತ ಹಾಕಿ ಕಾಯಿಯನ್ನ ಹತ್ತಿರ ಕಟ್ತಾರೆ. ಬೇಡ. ಒಂದೇ ದೂರ, ಒಂದೇ ಕೋವಿ, ಒಂದೇ ಪಟ್ಟಿ.

1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಸ್ಕೀಟ್ ಶೂಟಿಂಗ್, ಅಂದ್ರೆ ಗಾಳಿಯಲ್ಲಿ ಹಾರೋ ಮಣ್ಣಿನ ಬಿಲ್ಲೆಗೆ ಗುಂಡು ಹೊಡೆಯೋ ಆಟ, ಗಂಡಸರು ಹೆಂಗಸರು ಒಟ್ಟಿಗೆ ಹೊಡೆಯೋ ಸ್ಪರ್ಧೆ ಆಗಿತ್ತು, ಗೆದ್ದಿದ್ದು ಚೀನಾದ ಝಾಂಗ್ ಶಾನ್ ಅನ್ನೋ ಹುಡುಗಿ, ಉಳಿದ ಎಲ್ಲಾ ಗಂಡಸರನ್ನ ಹಿಂದೆ ಹಾಕಿ ಚಿನ್ನ. ಮುಂದಿನ ಒಲಿಂಪಿಕ್ಸ್, 1996ಕ್ಕೆ, ಸ್ಕೀಟ್ ಗಂಡಸರಿಗೆ ಮಾತ್ರ ಆಗಿತ್ತು, ಹೆಂಗಸರ ಸ್ಕೀಟ್ ಇರ್ಲೇ ಇಲ್ಲ, ಗೆದ್ದವಳಿಗೆ ತನ್ನ ಚಿನ್ನ ಉಳಿಸ್ಕೊಳ್ಳೋ ಅವಕಾಶವೇ ಸಿಗ್ಲಿಲ್ಲ. 2000ಕ್ಕೆ ಬೇರೆ ವಿಭಾಗ ಮಾಡಿದ್ರು. ಇದನ್ನ ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಈಗ ಪರವಾಗಿಲ್ಲ, ಮಿಶ್ರ ಟೀಮ್ ಶೂಟಿಂಗ್ ಬಂದಿದೆ, 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್, ಸರಬ್ಜೋತ್ ಸಿಂಗ್ ಒಟ್ಟಿಗೆ 10 ಮೀಟರ್ ಏರ್ ಪಿಸ್ತೂಲಲ್ಲಿ ಕಂಚು ತಂದ್ರು.

ಹೆಂಗಸರಿಗೆ ಕೋವಿ ಹಿಡಿದು ಅಭ್ಯಾಸ ಇಲ್ಲ ಅನ್ನೋ ಮಾತು ಬರ್ತದೆ. ಸರಿ, ಹಾಗಿದ್ರೆ ಹಿಂದಿನ ದಿನ ಸಂಜೆ ಎರಡು ಗಂಟೆ ಹೊತ್ತು ಎಲ್ಲಾ ಹೊಸಬರಿಗೆ ಅಂತ ಅಭ್ಯಾಸ ಇಡಿ, ಗಂಡು ಹುಡುಗರಲ್ಲೂ ಎಷ್ಟೋ ಜನ ಮೊದಲ ಸಲ ಹಿಡಿಯೋರು ಇರ್ತಾರೆ. ಕೋವಿ ಹೆಗಲಿಗೆ ಬಿಗಿಯಾಗಿ ಒತ್ತಿ ಹಿಡಿಯೋದು, ಸರದಿ ಬರೋ ತನಕ ಗುಂಡು ತುಂಬದೇ ಇರೋದು, ನಳಿಗೆ ಯಾವಾಗ್ಲೂ ಗುರಿ ಕಡೆಗೇ ಇರೋದು, ಇಷ್ಟು ಗೊತ್ತಿರೋ ಹಿರಿಯರೊಬ್ಬರು ಪಕ್ಕದಲ್ಲೇ ನಿಂತಿರ್ಲಿ.

ಚೆಸ್, ಕೇರಂ ಇಟ್ರೆ ಅದೂ ಒಟ್ಟಿಗೆ. ಚೆಸ್‌ನಲ್ಲಿ ಹಂಗೇರಿಯ ಜುಡಿತ್ ಪೋಲ್ಗಾರ್ ಹೆಂಗಸರ ವಿಭಾಗ ಬಿಟ್ಟು ಎಲ್ಲರೂ ಆಡೋ ಓಪನ್ ವಿಭಾಗದಲ್ಲೇ ಆಡಿ ಜಗತ್ತಿನ ಮೊದಲ ಹತ್ತರೊಳಗೆ ಬಂದೋರು.

ಹಗ್ಗ ಜಗ್ಗಾಟ: ತೂಕ ನೋಡಿ

ಕೊಡಗಿನಲ್ಲಿ ಹಗ್ಗ ಜಗ್ಗಾಟ ಇಲ್ದೆ ಕ್ರೀಡಾಕೂಟ ಮುಗಿಯಲ್ಲ, ಹೆಚ್ಚು ಗಲಾಟೆ ಆಗೋದೂ ಇಲ್ಲೇ. ಕಾರಣ ಸುಲಭ, ಒಂದು ಕಡೆ ಎಂಟು ಜನ ಸೇರಿ ಏಳುನೂರು ಕೆಜಿ, ಇನ್ನೊಂದು ಕಡೆ ಐನೂರು. ಅಂತರರಾಷ್ಟ್ರೀಯ ಹಗ್ಗ ಜಗ್ಗಾಟದಲ್ಲಿ ಎಂಟು ಜನರ ಒಟ್ಟು ತೂಕದ ಮೇಲೆ ವಿಭಾಗ ಮಾಡ್ತಾರೆ, ನಾಲ್ಕು ಗಂಡು ನಾಲ್ಕು ಹೆಣ್ಣು ಸೇರಿದ ಮಿಶ್ರ ವಿಭಾಗವೂ ಉಂಟು. ನಾವೂ ಅದನ್ನೇ ಮಾಡ್ಬಹುದು, ಕಾಫಿ ಮೂಟೆ ತೂಗೋ ಮೆಷಿನ್ ಇಲ್ಲದ ಊರು ಕೊಡಗಲ್ಲಿ ಉಂಟಾ? ಅದನ್ನೇ ಒಂದು ದಿನಕ್ಕೆ ತನ್ನಿ.

ತೂಕ ಮಾಡೋವಾಗ ಒಂದು ಸೂಕ್ಷ್ಮ. ಹೆಂಗಸರನ್ನ ಎಲ್ಲರ ಮುಂದೆ ಮೆಷಿನ್ ಮೇಲೆ ನಿಲ್ಲಿಸಿ ಮೈಕಲ್ಲಿ ಕೆಜಿ ಕೂಗಿದ್ರೆ ಮುಂದಿನ ವರ್ಷ ಒಬ್ಬರೂ ಬರಲ್ಲ. ಮೆಷಿನ್ ಒಂದು ರೂಮಲ್ಲಿ ಇಡಿ, ಒಬ್ಬರು ಹೆಂಗಸು ಬರೆದುಕೊಳ್ಳಲಿ, ಹೊರಗೆ ಬರೋದು ಟೀಮಿನ ಒಟ್ಟು ತೂಕ ಮಾತ್ರ. ಗಂಡಸರಿಗೂ ಇದೇ ಕ್ರಮ ಇಟ್ರೆ ಒಳ್ಳೇದು. ಹಾಗೇ ಹಗ್ಗವನ್ನ ಕೈಗೆ ಸುತ್ತಿಕೊಳ್ಳೋದು ಯಾರೂ ಮಾಡ್ಬಾರ್ದು, ಬೆರಳು ಮುರಿಯೋದು ಹಾಗೇ.

ಹೆಂಗಸರ ಬೇರೆ ಟೀಮ್, ಗಂಡಸರ ಬೇರೆ ಟೀಮ್, ಮಿಶ್ರ ಟೀಮ್ ಮೂರೂ ಇಡೋಕೆ ಸಮಯ ಇದ್ರೆ ಮೂರೂ ಇಡಿ. ಎರಡಕ್ಕೆ ಮಾತ್ರ ಸಮಯ ಇದ್ರೆ ನಾನು ಹೆಂಗಸರದ್ದು ಮತ್ತು ಮಿಶ್ರದ್ದು ಇಡ್ತೀನಿ, ಗಂಡಸರಿಗೆ ಮಿಶ್ರದಲ್ಲಿ ಹೇಗೂ ಜಾಗ ಉಂಟು. ಕಮಿಟಿಯಲ್ಲಿ ಇದಕ್ಕೆ ವಿರೋಧ ಬರ್ತದೆ, ಗೊತ್ತು.

ಹಾಕಿ: ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚ್ನೆ ಮಾಡ್ಬೇಕು

ನಮ್ಮ ಕೌಟುಂಬಿಕ ಹಾಕಿ ಹಬ್ಬ ಇದಕ್ಕೆ ದೊಡ್ಡ ಪಾಠ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದಾಗ 60 ಕುಟುಂಬ, ಈಗ ಮುನ್ನೂರಕ್ಕೂ ಮೇಲೆ. ಅಲ್ಲಿ ಟೀಮ್ ಆಗೋದು ಒಕ್ಕದ, ಅಂದ್ರೆ ಮನೆತನದ ಹೆಸರಲ್ಲಿ, ಹಾಗಾಗಿ ಅಜ್ಜ, ಮೊಮ್ಮಗ, ಸೊಸೆ, ಮಗಳು ಒಂದೇ ಜೆರ್ಸಿಯಲ್ಲಿ ಇಳಿಯೋದು ನೋಡ್ತೀವಿ. ಇಡೀ ದೇಶದಲ್ಲಿ ಹೆಣ್ಮಕ್ಕಳು ಗಂಡಸರ ಜೊತೆ ಹೀಗೆ ಪೂರ್ತಿ ಮ್ಯಾಚ್ ಆಡೋ ಜಾಗ ಎಷ್ಟು ಉಂಟು ಹೇಳಿ. ಯಾರೋ ಹೊರಗಿನಿಂದ ಬಂದು ಕಲಿಸಿದ್ದಲ್ಲ ಇದು, ಕುಟುಂಬ ಅನ್ನೋ ಲೆಕ್ಕದಲ್ಲೇ ಸಹಜವಾಗಿ ಬಂದದ್ದು.

ಆದ್ರೆ ಪೂರ್ತಿ ಮೈದಾನದ ಹನ್ನೊಂದು ಜನರ ಹಾಕಿಯಲ್ಲಿ ಮುಂದಿನ ಸುತ್ತಿಗೆ ಹೋದ ಹಾಗೆ ಹೆಣ್ಮಕ್ಕಳು ಬೆಂಚಿಗೆ ಸರೀತಾರೆ. ಮ್ಯಾಚ್ ಬಿಗಿ ಆಯ್ತು, ಎದುರು ಟೀಮಲ್ಲಿ ನ್ಯಾಷನಲ್ ಆಡಿದ ಹುಡುಗರು ಇದ್ದಾರೆ, ಡ್ರ್ಯಾಗ್ ಫ್ಲಿಕ್ (ಚೆಂಡನ್ನ ಕೋಲಲ್ಲಿ ಎಳೆದು ಗೋಲಿಗೆ ಎಸೆಯೋ ಹೊಡೆತ) ಜೋರು, ಕ್ಯಾಪ್ಟನ್ ಯೋಚ್ನೆ ಮಾಡೋದು ಗೆಲ್ಲೋದನ್ನೇ. ಅದನ್ನ ತಪ್ಪು ಅನ್ನೋಕೆ ಆಗಲ್ಲ. ಹಾಗಾಗಿ ನಿಮ್ಮ ಊರಲ್ಲಿ ಹಾಕಿ ಇಡೋದಾದ್ರೆ ಹೆಂಗಸರ ಟೀಮಿಗೆ ಅಂತ ಒಂದು ಬೇರೆ ಪಂದ್ಯ, ಅದರ ಜೊತೆ ಐದು ಜನರ ಮಿಶ್ರ ಪಂದ್ಯ, ಎರಡೂ ಇಡಿ. ಮಿಶ್ರಕ್ಕೆ ನಿಯಮ ಹೀಗೆ ಮಾಡಿ ನೋಡಿ: ಯಾವ ಕ್ಷಣದಲ್ಲೂ ಗ್ರೌಂಡಲ್ಲಿ ಕನಿಷ್ಠ ಇಬ್ಬರು ಹೆಂಗಸರು ಇರ್ಬೇಕು, ಗೋಲ್‌ಕೀಪರ್ ಆ ಲೆಕ್ಕಕ್ಕೆ ಬರಲ್ಲ. ಈ ಎರಡನೇ ಮಾತು ಬರೀದೇ ಇದ್ರೆ ಎಲ್ಲಾ ಟೀಮ್ ಒಬ್ಬ ಹುಡುಗಿಯನ್ನ ಪ್ಯಾಡ್ ಕಟ್ಟಿ ಗೋಲಲ್ಲಿ ನಿಲ್ಲಿಸಿಬಿಡ್ತವೆ. ಪುಶ್, ಅಂದ್ರೆ ಚೆಂಡನ್ನ ಕೋಲಲ್ಲಿ ತಳ್ಳೋದು ಮಾತ್ರ, ಜೋರು ಹಿಟ್ ಇಲ್ಲ, ಚೆಂಡು ಮೊಣಕಾಲಿನ ಮೇಲೆ ಏಳ್ಬಾರ್ದು. ಶಿನ್ ಗಾರ್ಡ್, ಮೌತ್ ಗಾರ್ಡ್ ಎಲ್ಲರಿಗೂ ಕಡ್ಡಾಯ.

ಹೆಂಗಸು ಹೊಡೆದ ಗೋಲಿಗೆ ಎರಡು ಪಾಯಿಂಟ್ ಕೊಡೋಣ ಅಂತ ಯಾರಾದ್ರೂ ಹೇಳ್ತಾರೆ. ಕೊಡಬೇಡಿ. ಚೆನ್ನಾಗಿ ಆಡೋ ಹುಡುಗಿಗೆ ಅದು ಅವಮಾನ ಅನ್ಸ್ತದೆ, ಅವಳು ಹೊಡೆದದ್ದೂ ಪೂರ್ತಿ ಗೋಲೇ.

ಇನ್ನೊಂದು ನಿಯಮ ಬೇರೆ ಆಟದಿಂದ ತಗೋಬಹುದು. ಕಾರ್ಫ್‌ಬಾಲ್ ಅಂತ ಒಂದು ಆಟ ಉಂಟು, 1902ರಲ್ಲಿ ನೆದರ್‌ಲ್ಯಾಂಡ್ಸ್‌ನ ಒಬ್ಬ ಸ್ಕೂಲ್ ಮಾಸ್ಟರ್ ಮಾಡಿದ್ದು, ಶುರುವಿಂದಲೇ ಮಿಶ್ರ ಆಟ, ಟೀಮಲ್ಲಿ ನಾಲ್ಕು ಗಂಡು ನಾಲ್ಕು ಹೆಣ್ಣು. ಅಲ್ಲಿ ಹೆಂಗಸಿನ ಹತ್ರ ಚೆಂಡಿದ್ರೆ ಎದುರು ಟೀಮಿನ ಹೆಂಗಸೇ ತಡೀಬೇಕು, ಗಂಡಸಿಗೆ ಗಂಡಸು. ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್ ಮಿಶ್ರ ಮಾಡೋವಾಗ ಇದು ಚೆನ್ನಾಗಿ ನಡೀತದೆ, ಮೈಗೆ ಮೈ ತಾಗೋ ಹೆದರಿಕೆ ಇರೋ ಮನೆಯವರೂ ಒಪ್ತಾರೆ.

ವಾಲಿಬಾಲ್‌ಗೆ ನೆಟ್ ಎತ್ತರದಲ್ಲೇ ಎಲ್ಲಾ ಇರೋದು. ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24. ಮಿಶ್ರ ಆಡೋದಾದ್ರೆ 2.24ಕ್ಕೇ ಕಟ್ಟಿ, ಆದ್ರೆ ಗಂಡಸರು ಮೂರು ಮೀಟರ್ ಗೆರೆ ಹಿಂದಿನಿಂದ ಮಾತ್ರ ಸ್ಮ್ಯಾಶ್ ಮಾಡ್ಬಹುದು ಅಂತ ನಿಯಮ ಹಾಕಿ, ಒಂದು ಟೀಮ್ ಚೆಂಡನ್ನ ಒಂದಕ್ಕಿಂತ ಜಾಸ್ತಿ ಸಲ ಮುಟ್ಟಿದ್ರೆ ಅದರಲ್ಲಿ ಒಂದಾದ್ರೂ ಹೆಂಗಸಿನದ್ದು ಇರ್ಬೇಕು. ಇಲ್ದಿದ್ರೆ ಮೂರು ಹೆಂಗಸರು ಪೂರ್ತಿ ಸೆಟ್ ಸುಮ್ನೆ ನಿಂತಿರ್ತಾರೆ. ಥ್ರೋಬಾಲ್ ಹೆಂಗಸರ ಆಟ ಅಂತ ಯಾರು ಬರೆದಿಟ್ಟಿದ್ದಾರೋ ಗೊತ್ತಿಲ್ಲ, ಆಸೆ ಇರೋ ಹುಡುಗರಿಗೂ ಆಡ್ಸಿ. ಕಬಡ್ಡಿ, ಕುಸ್ತಿ ದೊಡ್ಡವರಿಗೆ ಬೇರೆಯೇ ಇರ್ಲಿ, ಕಬಡ್ಡಿ ಅಂಕಣ ಗಂಡಸರಿಗೆ 13x10 ಮೀಟರ್, ಹೆಂಗಸರಿಗೆ 12x8.

ಕೆಸರುಗದ್ದೆಯಲ್ಲಿ ಇಡೋದಾದ್ರೆ

ಕೆಸರಲ್ಲಿ ಆಟ ಬೇರೆ ಮಾಡೋದಕ್ಕಿಂತ ಮುಖ್ಯ ಬೇರೆ ವಿಷಯ ಉಂಟು. ಹೆಂಗಸರು ಬರಲ್ಲ ಅಂದ್ರೆ ಅವರಿಗೆ ಆಸಕ್ತಿ ಇಲ್ಲ ಅಂತ ಬರ್ಕೊಂಡುಬಿಡ್ತೀವಿ. ಹೋಗಿ ಕೇಳಿದ್ರೆ ಗೊತ್ತಾಗ್ತದೆ, ಕೆಸರಾದ ಮೇಲೆ ಮೈ ತೊಳೆಯೋಕೆ ಜಾಗ ಇಲ್ಲ, ಬಟ್ಟೆ ಬದಲಾಯಿಸೋಕೆ ರೂಮ್ ಇಲ್ಲ, ಟಾಯ್ಲೆಟ್ ಇಲ್ಲ, ಎಲ್ಲಕ್ಕಿಂತ ಜಾಸ್ತಿ ಒದ್ದೆ ಬಟ್ಟೆಯಲ್ಲಿ ಓಡೋವಾಗ ಯಾರೋ ಮೊಬೈಲಲ್ಲಿ ವಿಡಿಯೋ ಮಾಡಿ ಸ್ಟೇಟಸ್ ಹಾಕ್ತಾರೆ. ಹತ್ತಿರದ ಮನೆಯೊಂದನ್ನ ಆ ದಿನಕ್ಕೆ ಕೇಳಿಟ್ಕೊಳ್ಳಿ, ಬಿಸಿನೀರು ಕಾಯಿಸಿಡಿ, ಮಳೆಯಲ್ಲಿ ನಡುಗ್ತಾ ನಿಂತವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ವಿಡಿಯೋ ಕಮಿಟಿಯ ಒಬ್ಬರು ಮಾತ್ರ ಮಾಡ್ತಾರೆ ಅಂತ ಮೊದಲೇ ಮೈಕಲ್ಲಿ ಹೇಳಿ, ಹೇಳಿ ಬಿಟ್ರೆ ಸಾಲದು, ನೋಡ್ಕೊಳ್ಳೋಕೆ ಇಬ್ಬರನ್ನ ನಿಲ್ಲಿಸಿ. ಜಿಗಣೆಗೆ ಉಪ್ಪು ಇಡೋದು ನಿಮಗೆ ಹೇಳ್ಬೇಕಾಗಿಲ್ಲ.

ಟೀಮ್ ಸಿಗಲ್ಲ ಅಂದಾಗ

ಹೆಂಗಸರ ವಿಭಾಗ ಬೇರೆ ಇಟ್ಟ ಮೇಲೆ ಬರೋ ದೊಡ್ಡ ತೊಂದರೆ ಇದು, ಎರಡೇ ಟೀಮ್ ಬಂತು, ಕ್ಯಾನ್ಸಲ್ ಮಾಡೋಣ. ಮಾಡ್ಬೇಡಿ. ಎರಡು ಟೀಮ್ ಇದ್ರೆ ಮೂರು ಮ್ಯಾಚಿನ ಸರಣಿ ಆಡ್ಸಿ. ಹನ್ನೊಂದು ಜನ ಇಲ್ಲ ಅಂದ್ರೆ ಐದಕ್ಕೆ ಇಳಿಸಿ. ಪಕ್ಕದ ಊರಿನವರನ್ನ ಸೇರಿಸಿ, ಅಮ್ಮತ್ತಿಯವರು ಮೂರ್ನಾಡಿನ ಟೀಮಲ್ಲಿ ಆಡಿದ್ರೆ ಏನೂ ಆಗಲ್ಲ.

ಹೆಸರು ಬರೆಸೋ ಕೆಲಸ ಹೆಂಗಸರ ಕೈಗೇ ಕೊಡಿ. ವಾಟ್ಸಾಪ್ ಗ್ರೂಪಲ್ಲಿ ಪೋಸ್ಟರ್ ಹಾಕಿದ್ರೆ ಗಂಡಸರು ನೋಡ್ತಾರೆ ಅಷ್ಟೇ. ಸ್ತ್ರೀಶಕ್ತಿ ಸಂಘದ ಮೀಟಿಂಗ್, ಅಂಗನವಾಡಿ, ಚರ್ಚು ಮಸೀದಿ ದೇವಸ್ಥಾನದ ಮಹಿಳಾ ಗುಂಪು, ಇಲ್ಲೆಲ್ಲ ಒಬ್ಬರು ಹೋಗಿ ಬಾಯಲ್ಲಿ ಹೇಳ್ಬೇಕು. ತೋಟದ ಕಾರ್ಮಿಕರು ಇರೋ ಲೈನ್ ಮನೆಗಳನ್ನ ಮರೀಬೇಡಿ. ತೋಟದಲ್ಲಿ ದಿನವಿಡೀ ಗುಡ್ಡ ಹತ್ತಿ ಇಳಿದು ಕಾಫಿ ಮೂಟೆ ಹೊರೋ ಹೆಂಗಸರು ಹಗ್ಗ ಹಿಡಿದ್ರೆ ಏನಾಗ್ತದೆ ಅಂತ ಒಂದ್ಸಲ ನೋಡಿ, ಅವರನ್ನ ಕರೆಯೋದೇ ಇಲ್ಲ ನಾವು. ಅವರು ಬರ್ಬೇಕು ಅಂದ್ರೆ ಭಾನುವಾರವೇ ಇಡ್ಬೇಕು, ಎಂಟ್ರಿ ಫೀಸ್ ಇರ್ಬಾರ್ದು.

ಆಮೇಲೆ ಅಡುಗೆ. ಹೆಂಗಸರ ಪಂದ್ಯ ಹನ್ನೊಂದೂವರೆಗೆ ಇಟ್ಟು ಅದೇ ಹೆಂಗಸರು ಹನ್ನೆರಡೂವರೆಗೆ ಊಟ ಬಡಿಸ್ಬೇಕು ಅಂದ್ರೆ ಯಾರು ಆಡ್ತಾರೆ? ಊಟದ ಜವಾಬ್ದಾರಿ ಗಂಡಸರ ಟೀಮಿಗೆ ಕೊಡಿ ಇಲ್ಲಾ ಕ್ಯಾಟರಿಂಗಿಗೆ ಕೊಡಿ. ಚಿಕ್ಕ ಮಕ್ಕಳನ್ನ ನೋಡ್ಕೊಳ್ಳೋಕೆ ಒಂದು ಶಾಮಿಯಾನ, ಇಬ್ಬರು ಹಿರಿಯರು.

ಹಣ, ಸಮಯ, ಮೈಕು

ಬೇರೆ ಮಾಡಿದ್ದು ನ್ಯಾಯಕ್ಕೆ ಅಂತ ಗೊತ್ತಾಗೋದು ಇಲ್ಲೇ. ಗಂಡಸರಿಗೆ ಹತ್ತು ಸಾವಿರ, ಹೆಂಗಸರಿಗೆ ಎರಡು ಸಾವಿರ ಮತ್ತು ಒಂದು ಸ್ಟೀಲ್ ಡಬ್ಬಿ ಅಂತ ಇದ್ರೆ ಅದು ನ್ಯಾಯ ಅಲ್ಲ. ಹಣ ಕಮ್ಮಿ ಇದ್ರೆ ಎರಡೂ ಕಡೆ ಆರು ಸಾವಿರ ಮಾಡಿ. ಬಿಸಿಸಿಐ 2022ರಲ್ಲೇ ಗಂಡಸರ ಟೀಮಿಗೂ ಹೆಂಗಸರ ಟೀಮಿಗೂ ಒಂದೇ ಮ್ಯಾಚ್ ಫೀ ಅಂತ ಮಾಡ್ತು, ನಮ್ಮ ಊರಿನ ಸಂಘಕ್ಕೆ ಆಗದ್ದೇನಿಲ್ಲ. ಸ್ಪಾನ್ಸರ್ ಗಂಡಸರ ಪಂದ್ಯಕ್ಕೆ ಮಾತ್ರ ಕೊಡ್ತೀನಿ ಅಂದ್ರೆ ಒಟ್ಟು ಕ್ರೀಡಾಕೂಟಕ್ಕೆ ಕೊಡಿ ಅಂತ ಕೇಳಿ, ಹೆಚ್ಚಿನವರು ಒಪ್ತಾರೆ.

ಹೆಂಗಸರ ಫೈನಲ್ ಬೆಳಿಗ್ಗೆ ಎಂಟಕ್ಕೆ ಖಾಲಿ ಗ್ರೌಂಡಲ್ಲಿ ಬೇಡ. ಗಂಡಸರ ಫೈನಲ್‌ಗೆ ಸ್ವಲ್ಪ ಮೊದಲು, ಜನ ಸೇರಿದ ಮೇಲೆ, ಮುಖ್ಯ ಅತಿಥಿ ಬಂದ ಮೇಲೆ ಇಡಿ. ಮೈಕ್ ಹಿಡಿಯೋರಿಗೆ ಮೊದಲೇ ಹೇಳಿಡಿ, ಹೆಂಗಸರ ಆಟ ನಡೀವಾಗ ಸೀರೆ, ಅಡುಗೆ, ದಪ್ಪ ಸಣ್ಣ ಅಂತ ತಮಾಷೆ ಬೇಡ, ಆಟದ ಬಗ್ಗೆ ಮಾತಾಡ್ಲಿ, ಆಡ್ತಿರೋರ ಹೆಸರು ಹೇಳ್ಲಿ.

ಗಂಡಸರ ವಿಭಾಗಕ್ಕೆ "ಓಪನ್" ಅಂತ ಹೆಸರಿಡೋದು ನನ್ನ ಸಲಹೆ. ಊರಲ್ಲಿ ಒಬ್ಬಳು ಪೊನ್ನಂಪೇಟೆ ಕ್ರೀಡಾ ಹಾಸ್ಟೆಲಲ್ಲಿ ಹಾಕಿ ಕಲಿತು ಬಂದಿರ್ತಾಳೆ, ಅವಳಿಗೆ ಹುಡುಗರ ಜೊತೆ ಆಡೋ ಶಕ್ತಿ ಉಂಟು ಅಂದ್ರೆ ಓಪನ್‌ನಲ್ಲಿ ಆಡ್ಲಿ, ತಡೀಬೇಡಿ. ಆದ್ರೆ ಗಂಡಸರು ಹೆಂಗಸರ ವಿಭಾಗಕ್ಕೆ ಬರೋ ಹಾಗಿಲ್ಲ. ಇದು ಏಕಪಕ್ಷೀಯ ಅಂತ ಯಾರಾದ್ರೂ ಕೇಳಿದ್ರೆ ಮೇಲೆ ಬರೆದ 9.58, 10.49 ತೋರ್ಸಿ.

ಯಾರಾದ್ರೂ ಬೆರಳು ತೋರ್ಸಿದ್ರೆ

ಇದು ಅಪರೂಪ, ಆದ್ರೆ ಬಂದಾಗ ಕಮಿಟಿ ಗಾಬರಿ ಬೀಳ್ತದೆ, ಹಾಗಾಗಿ ಮೊದಲೇ ಮಾತಾಡಿಟ್ಕೊಳ್ಳಿ. ಗೆದ್ದ ಹುಡುಗಿ ಎತ್ತರ ಉಂಟು, ಕೂದಲು ಕಮ್ಮಿ, ಧ್ವನಿ ಗಡಸು, ಸೋತ ಟೀಮಿನಿಂದ "ಅವಳು ಹುಡುಗಿಯೇನಾ?" ಅಂತ ಒಂದು ಮಾತು ಬರ್ತದೆ. ತಮಿಳುನಾಡಿನ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಬೆಳ್ಳಿ ಗೆದ್ದು ಲಿಂಗ ಪರೀಕ್ಷೆ ಆದ ಮೇಲೆ ಪದಕ ಕಳ್ಕೊಂಡ್ರು, ಆ ಸುದ್ದಿ ಟಿವಿಯಲ್ಲೆಲ್ಲ ಬಂದು ಬಡ ಮನೆಯ ಆ ಹೆಣ್ಣುಮಗಳ ಬದುಕೇ ಮುರಿದುಹೋಯ್ತು. ಒಡಿಶಾದ ಓಟಗಾರ್ತಿ ದ್ಯುತಿ ಚಂದ್ ಅವರನ್ನ ಮೈಯಲ್ಲಿ ಟೆಸ್ಟೋಸ್ಟೆರಾನ್ ಜಾಸ್ತಿ ಅಂತ 2014ರಲ್ಲಿ ಟೀಮಿಂದ ಬಿಟ್ರು, ಅವರು ಹೋರಾಡಿ 2015ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯದಲ್ಲಿ ಗೆದ್ದು ವಾಪಸ್ ಓಡಿದ್ರು. ಇಬ್ಬರೂ ಹುಡುಗಿಯರಾಗೇ ಹುಟ್ಟಿ ಬೆಳೆದೋರು, ಯಾವ ಮೋಸವೂ ಮಾಡಿರ್ಲಿಲ್ಲ.

ಜಾಗತಿಕ ಮಟ್ಟದಲ್ಲಿ ಈ ನಿಯಮ ಈಗ ಇನ್ನೂ ಬಿಗಿಯಾಗಿದೆ. 2023ರಲ್ಲಿ ಜಗತ್ತಿನ ಅಥ್ಲೆಟಿಕ್ಸ್ ನಡೆಸೋ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್, ಗಂಡಾಗಿ ವಯಸ್ಸಿಗೆ ಬಂದ ಟ್ರಾನ್ಸ್ ಮಹಿಳೆಯರು ಹೆಂಗಸರ ವಿಭಾಗದಲ್ಲಿ ಓಡೋ ಹಾಗಿಲ್ಲ ಅಂತ ಮಾಡ್ತು, 2025ರಿಂದ ಹೆಂಗಸರ ವಿಭಾಗಕ್ಕೆ ಜೀನ್ ಪರೀಕ್ಷೆ ತಂದಿದೆ. ಪದಕ, ದಾಖಲೆ, ಸ್ಕಾಲರ್‌ಶಿಪ್ಪು, ಸರ್ಕಾರಿ ಕೆಲಸ ಎಲ್ಲಾ ಅದರ ಮೇಲೆ ನಿಂತಿರೋ ಕಡೆ ಈ ಚರ್ಚೆ ಕಷ್ಟದ್ದು, ಎರಡೂ ಕಡೆ ನಿಜವಾದ ನೋವು ಉಂಟು. ಆಯ್ಕೆ ಪಂದ್ಯ ನಡೆಸೋರು ಅವರವರ ಫೆಡರೇಷನ್ ನಿಯಮ ಪಾಲಿಸ್ಬೇಕು. ಆದ್ರೆ ನಮ್ಮ ಊರಿನ ಗದ್ದೆಯಲ್ಲಿ ಯಾರೂ ಯಾರ ಮೈಯನ್ನೂ ಪರೀಕ್ಷೆ ಮಾಡೋ ಹಾಗಿಲ್ಲ, ಆಧಾರ್ ಕಾರ್ಡ್ ತೋರ್ಸು ಅಂತ ಎಲ್ಲರ ಮುಂದೆ ಕೇಳೋ ಹಾಗೂ ಇಲ್ಲ. ಹೆಸರು ಬರೆಸೋವಾಗ ಅವರು ಏನು ಹೇಳಿದ್ರೋ ಅದೇ. ದೂರು ಇದ್ರೆ ಕಮಿಟಿಯ ಇಬ್ಬರ ಹತ್ರ ಪಕ್ಕಕ್ಕೆ ಬಂದು ಹೇಳ್ಬೇಕು, ಮೈದಾನದಲ್ಲಿ ಕೂಗಿದ ಟೀಮ್ ಹೊರಗೆ. ನಮ್ಮೂರಲ್ಲೇ ಇರೋ ಟ್ರಾನ್ಸ್‌ಜೆಂಡರ್ ಒಬ್ಬರು ಆಡೋಕೆ ಬಂದ್ರೆ ಮಿಶ್ರ ರಿಲೇ, ಗುಂಡು ಹೊಡೆಯೋದು, ಹಗ್ಗ, ಓಪನ್ ಇಷ್ಟೊಂದು ಜಾಗ ಉಂಟು, ಹೆಂಗಸರ ವಿಭಾಗದ ಬಗ್ಗೆ ಆಡೋ ಹೆಂಗಸರನ್ನೇ ಕೇಳಿ ತೀರ್ಮಾನ ಮಾಡಿ, ವೇದಿಕೆ ಮೇಲೆ ಕೂತಿರೋ ಗಂಡಸರು ಮಾಡ್ಬೇಡಿ.

ಇದೆಲ್ಲ ಮೀಟಿಂಗಲ್ಲಿ ಒಪ್ಪಿಗೆ ಆದ ಮೇಲೆ ನಿಯಮ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಸೊಸೈಟಿ, ಹಾಲಿನ ಡೈರಿ, ಬಸ್ ಸ್ಟಾಂಡ್ ಹತ್ರ ಅಂಟಿಸಿ, ಹೆಸರು ನೋಂದಣಿ ಶುರು ಆಗೋ ಒಂದು ವಾರ ಮೊದಲೇ. ಯಾವ ಆಟ ಒಟ್ಟಿಗೆ, ಯಾವ್ದು ಬೇರೆ, ಬಹುಮಾನ ಎಷ್ಟು, ಎಷ್ಟು ಗಂಟೆಗೆ ಅನ್ನೋದು ಅದರಲ್ಲಿ ಇರ್ಲಿ. ಕ್ರೀಡಾಕೂಟ ಮುಗಿದ ಮೇಲೆ ಖರ್ಚಿನ ಲೆಕ್ಕ ಬರೆಯೋ ಪುಸ್ತಕದಲ್ಲೇ ಒಂದು ಪುಟ ಬಿಟ್ಟು, ಯಾವ ಆಟಕ್ಕೆ ಎಷ್ಟು ಹೆಂಗಸರು ಬಂದ್ರು, ಯಾವುದಕ್ಕೆ ಬರ್ಲಿಲ್ಲ, ಯಾಕೆ ಬರ್ಲಿಲ್ಲ ಅಂತ ಬರೆದಿಡಿ, ಮುಂದಿನ ವರ್ಷದ ಕಮಿಟಿಗೆ ಪಟ್ಟಿ ಮಾಡೋಕೆ ಅದೇ ಬೇಕಾಗ್ತದೆ.